ಮಳೆಗಾಲದ 'ಗ' ಮತ್ತು ಸಮೀಕರಣದ ಆದೇಶ

ಸಂಜೆ ನಮ್ಮ ಮನೆಗೆ ಲೆಕ್ಕ ಕಲಿಯಲು ನಾಲ್ಕೈದು ಮಕ್ಕಳು ಬರುತ್ತಾರೆ. ಅವರಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ಒಂದು ದಿನ ಪುಸ್ತಕದ ಮೇಲೆ ಬೆರಳಿಟ್ಟು ಕೇಳಿದಳು: "ಮಿಸ್, ಆದೇಶ ಅಂದ್ರೆ ಆರ್ಡರ್ ಅಲ್ವಾ? ಇಲ್ಲಿ ಯಾರು ಯಾರಿಗೆ ಆದೇಶ ಕೊಡ್ತಿದ್ದಾರೆ?"

ಪುಸ್ತಕದಲ್ಲಿದ್ದದ್ದು 'ಆದೇಶ ವಿಧಾನ'. ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ಬಿಡಿಸುವ ಒಂದು ದಾರಿ. ಇಂಗ್ಲಿಷ್ ಮೀಡಿಯಂ ಮಕ್ಕಳು ಇದನ್ನೇ ಸಬ್‌ಸ್ಟಿಟ್ಯೂಷನ್ ಮೆಥಡ್ ಅನ್ನುತ್ತಾರೆ.

ನಾನು ಅವಳಿಗೆ ಕನ್ನಡ ವ್ಯಾಕರಣದ ನೋಟ್ಸ್ ತೆಗೆಯಲು ಹೇಳಿದೆ. "ಮಳೆ + ಕಾಲ ಏನಾಗುತ್ತೆ?"

"ಮಳೆಗಾಲ. ಆದೇಶ ಸಂಧಿ."

"ಏನು ಬದಲಾಯಿತು?"

"ಕ ಇದ್ದ ಜಾಗಕ್ಕೆ ಗ ಬಂತು."

ಅಷ್ಟೇ. ಎರಡೂ ಕಡೆ ಪದ ಒಂದೇ, ಅರ್ಥವೂ ಒಂದೇ. ಬೆಟ್ಟ + ತಾವರೆ ಸೇರಿ ಬೆಟ್ಟದಾವರೆ ಆದಾಗ ತ ಎದ್ದು ಹೋಗಿ ಆ ಜಾಗದಲ್ಲೇ ದ ಕೂರುತ್ತದೆ. ಕಣ್ + ಪನಿ ಕಂಬನಿ ಆಗುವಾಗ ಪ ಇದ್ದಲ್ಲಿ ಬ. ಆದೇಶ ಎಂದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದು. ಸಮೀಕರಣದಲ್ಲೂ ಇದನ್ನೇ ಮಾಡುತ್ತೇವೆ. ವ್ಯತ್ಯಾಸ ಒಂದೇ: ವ್ಯಾಕರಣದಲ್ಲಿ ಅಕ್ಷರದ ಜಾಗಕ್ಕೆ ಅಕ್ಷರ, ಗಣಿತದಲ್ಲಿ ಬೆಲೆಯ ಜಾಗಕ್ಕೆ ಅದೇ ಬೆಲೆಯ ಇನ್ನೊಂದು ರೂಪ.

ಈ ಒಂದು ಮಾತು ತಲೆಯಲ್ಲಿ ಕೂತರೆ ಹೆಜ್ಜೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮಕ್ಕಳಿಗೆ ಪಾಠ ಹೇಳಿಕೊಡುವ ಅಪ್ಪ ಅಮ್ಮಂದಿರಿಗೂ, ಪರೀಕ್ಷೆಗೆ ತಾವೇ ಓದಿಕೊಳ್ಳುವವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಳ್ಳಿ. ಲೆಕ್ಕ ಕಣ್ಣಿಗಿಂತ ಕೈಗೆ ಬೇಗ ಅರ್ಥವಾಗುತ್ತದೆ.

ಅಕ್ಷರಗಳ ಬಗ್ಗೆ ಮೊದಲೇ ಒಂದು ಮಾತು. ಶಾಲೆಯಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್, ವೈ ಎಂದು ಬರೆಯುತ್ತಾರೆ. ನಾನು ಇಲ್ಲಿ ಕನ್ನಡದ ಅಕ್ಷರಗಳನ್ನೇ ಬಳಸುತ್ತೇನೆ. 12ನೇ ಶತಮಾನದ ಭಾಸ್ಕರಾಚಾರ್ಯರು ತಮ್ಮ ಬೀಜಗಣಿತದಲ್ಲಿ ಮೊದಲ ಅವ್ಯಕ್ತಕ್ಕೆ 'ಯಾವತ್ತಾವತ್' ಎಂದರು, ಅಂದರೆ 'ಎಷ್ಟೋ ಅಷ್ಟು'. ಆಮೇಲಿನವುಗಳಿಗೆ ಬಣ್ಣದ ಹೆಸರು ಕೊಟ್ಟರು: ಕಾಲಕ, ನೀಲಕ, ಪೀತಕ, ಲೋಹಿತಕ. ಬರೆಯುವಾಗ ಮೊದಲ ಅಕ್ಷರ ಮಾತ್ರ: ಯಾ, ಕಾ, ನೀ, ಪೀ, ಲೋ. ಯಾವ ಅಕ್ಷರವಾದರೂ ಲೆಕ್ಕ ಅದೇ.

ಎರಡು ಸಮೀಕರಣ ಯಾಕೆ ಬೇಕು

ಒಂದು ಟೀ, ಒಂದು ಬನ್ ಸೇರಿ 35 ರೂಪಾಯಿ ಎಂದರೆ ಟೀ ಎಷ್ಟು? 15 ಇರಬಹುದು, 20 ಇರಬಹುದು, 12 ಆದರೂ ಇರಬಹುದು. ಒಂದು ಸುಳಿವಿನಿಂದ ಎರಡು ಬೆಲೆ ಹಿಡಿಯಲು ಆಗುವುದಿಲ್ಲ. ಎರಡು ಗೊತ್ತಿಲ್ಲದ ಸಂಖ್ಯೆ ಇದ್ದರೆ ಎರಡು ಸುಳಿವು ಬೇಕು. ಎರಡನೆಯದು ಮೊದಲನೆಯದರ ನಕಲು ಆಗಿರಬಾರದು. ನಕಲು ಆದರೆ ಏನಾಗುತ್ತದೆ ಎಂದು ಮುಂದೆ ನೋಡೋಣ.

ಆಟೋ ಮೀಟರಿನಿಂದ ದರ ಹಿಡಿಯುವುದು

ಬೆಂಗಳೂರಿನಲ್ಲಿ ಹಗಲು ಹೊತ್ತು ಎರಡು ಸಲ ಆಟೋದಲ್ಲಿ ಹೋದಿರಿ ಅಂದುಕೊಳ್ಳಿ. ಮೊದಲ ಸಲ 5 ಕಿ.ಮೀ., ಮೀಟರ್ 90 ರೂಪಾಯಿ ತೋರಿಸಿತು. ಎರಡನೇ ಸಲ 8 ಕಿ.ಮೀ., 144 ರೂಪಾಯಿ. ಎಲ್ಲೂ ಕಾಯಿಸಲಿಲ್ಲ, ಹಾಗಾಗಿ ವೇಟಿಂಗ್ ಚಾರ್ಜ್ ಇಲ್ಲ. ಮೊದಲ 2 ಕಿ.ಮೀ.ಗೆ ಒಂದು ಕನಿಷ್ಠ ದರ, ಆಮೇಲಿನ ಪ್ರತಿ ಕಿ.ಮೀ.ಗೆ ಇನ್ನೊಂದು ದರ ಇರುತ್ತದೆ ಎಂದು ಮಾತ್ರ ನಿಮಗೆ ಗೊತ್ತು. ಎರಡೂ ಎಷ್ಟೆಷ್ಟು?

ಮೊದಲ ಹೆಜ್ಜೆ, ಹೆಸರಿಡುವುದು. ಕನಿಷ್ಠ ದರ ಕ ರೂಪಾಯಿ. ಆಮೇಲಿನ ಪ್ರತಿ ಕಿ.ಮೀ. ದರ ದ ರೂಪಾಯಿ. ಇದನ್ನು ಹಾಳೆಯ ಮೇಲೆ ಪೂರ್ತಿ ವಾಕ್ಯದಲ್ಲಿ ಬರೆಯಿರಿ. 'ಕ = ಆಟೋ' ಎಂದು ಬರೆಯಬೇಡಿ. ಅಕ್ಷರ ನಿಂತಿರುವುದು ಸಂಖ್ಯೆಯ ಪರವಾಗಿ, ವಸ್ತುವಿನ ಪರವಾಗಿ ಅಲ್ಲ.

ಎರಡನೇ ಹೆಜ್ಜೆ, ಸುಳಿವುಗಳನ್ನು ಸಮೀಕರಣ ಮಾಡುವುದು. ಇಲ್ಲಿ ಅವಸರ ಬೇಡ. 5 ಕಿ.ಮೀ. ಎಂದ ಕೂಡಲೇ 5ದ ಎಂದು ಬರೆಯುವವರೇ ಜಾಸ್ತಿ. ಮೊದಲ 2 ಕಿ.ಮೀ. ಆಗಲೇ ಕ ಒಳಗೆ ಸೇರಿಹೋಗಿದೆ. ಉಳಿದದ್ದು 3 ಕಿ.ಮೀ. ಮಾತ್ರ. ಹಾಗೆಯೇ 8ರಲ್ಲಿ ಉಳಿದದ್ದು 6.

ಕ + 3ದ = 90 … (1)
ಕ + 6ದ = 144 … (2)

ಮೂರನೇ ಹೆಜ್ಜೆ, ಒಂದನ್ನು ಒಂಟಿಯಾಗಿ ನಿಲ್ಲಿಸುವುದು. ಎರಡು ಸಮೀಕರಣಗಳಲ್ಲಿ ಒಂದನ್ನು ಆರಿಸಿ, ಒಂದು ಅಕ್ಷರವನ್ನು ಸಮ ಚಿಹ್ನೆಯ ಒಂದು ಬದಿಯಲ್ಲಿ ಒಂಟಿಯಾಗಿ ನಿಲ್ಲಿಸಿ. (1)ರಲ್ಲಿ ಕ ಪಕ್ಕ ಯಾವ ಸಂಖ್ಯೆಯೂ ಇಲ್ಲ, ಅಂದರೆ ಸಹಗುಣಕ 1. ಹಾಗಾಗಿ ಸುಲಭ. 3ದ ಅನ್ನು ಆಚೆ ಬದಿಗೆ ಕಳಿಸಿದರೆ ಆಯಿತು.

ಕ = 90 − 3ದ … (3)

ಇದನ್ನು ಜೋರಾಗಿ ಓದಿ ನೋಡಿ: 'ಕ ಎಂದರೂ ಒಂದೇ, 90 − 3ದ ಎಂದರೂ ಒಂದೇ.' ಒಬ್ಬ ಮನುಷ್ಯನಿಗೆ ಶಾಲೆಯಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು ಹೆಸರು ಇರುವ ಹಾಗೆ.

ನಾಲ್ಕನೇ ಹೆಜ್ಜೆಯೇ ಆದೇಶ. (2)ರಲ್ಲಿ ಕ ಎಲ್ಲಿದೆ ನೋಡಿ. ಅದನ್ನು ಎಬ್ಬಿಸಿ, ಆ ಜಾಗದಲ್ಲಿ (90 − 3ದ) ಕೂರಿಸಿ. ಆವರಣದ ಸಮೇತ.

(90 − 3ದ) + 6ದ = 144

ಈಗ ಸಮೀಕರಣದಲ್ಲಿ ಒಂದೇ ಅಕ್ಷರ ಉಳಿಯಿತು. ಎಂಟನೇ ತರಗತಿಯ ಲೆಕ್ಕ.

90 + 3ದ = 144
3ದ = 54
ದ = 18

ಐದನೇ ಹೆಜ್ಜೆ, ವಾಪಸ್ ಹೋಗಿ ಇನ್ನೊಂದನ್ನು ಕಂಡುಹಿಡಿಯುವುದು. (3) ನಮಗಾಗಿ ಕಾದು ಕೂತಿದೆ.

ಕ = 90 − 3 × 18 = 90 − 54 = 36

ಆರನೇ ಹೆಜ್ಜೆ, ತಾಳೆ ನೋಡುವುದು. (2)ರಲ್ಲಿ ಇಡಿ: 36 + 6 × 18 = 36 + 108 = 144. ಸರಿಯಾಯಿತು. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರವೂ ಇದೇ: ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18.

ಉತ್ತರ ಬಂದ ಮೇಲೆ ಒಂದು ಕ್ಷಣ ಅದನ್ನು ನೋಡುತ್ತಾ ಕೂರುವುದು ನನಗೆ ಇಷ್ಟ. 36 ಅಂದರೆ 18ರ ಎರಡರಷ್ಟು. ಹಾಗಾದರೆ 2 ಕಿ.ಮೀ. ದಾಟಿದ ಮೇಲೆ ಒಟ್ಟು ದೂರವನ್ನು 18ರಿಂದ ಗುಣಿಸಿದರೆ ಸಾಕು, ಅಲ್ವಾ? 8 × 18 = 144. ಇದು ಲೆಕ್ಕ ಶುರು ಮಾಡುವಾಗ ಗೊತ್ತಿರಲಿಲ್ಲ. ಬಿಡಿಸಿದ ಮೇಲೆ ಕಂಡಿತು.

ಈ ಆದೇಶ ಯಾಕೆ ನಡೆಯುತ್ತದೆ ಎಂಬುದನ್ನೂ ಇಲ್ಲೇ ಗಮನಿಸಿ. (1)ರ ಕ, (2)ರ ಕ ಎರಡೂ ಒಂದೇ ಸಂಖ್ಯೆ. ಎರಡನೇ ಪ್ರಯಾಣ ರಾತ್ರಿ 10ರ ಮೇಲೆ ಆಗಿದ್ದರೆ? ಆಗ ದರ ಒಂದೂವರೆಪಟ್ಟು. ಹಗಲಿನ ಕ ಬೇರೆ, ರಾತ್ರಿಯ ಕ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವ ಹಕ್ಕೇ ನಮಗೆ ಇರುತ್ತಿರಲಿಲ್ಲ. ಅದಕ್ಕೇ ಮೊದಲ ಹೆಜ್ಜೆಯಲ್ಲಿ ಪೂರ್ತಿ ವಾಕ್ಯ ಬರೆಯಲು ಹೇಳಿದ್ದು.

ಎಲ್ಲಿಂದ ತೆಗೆದಿರೋ ಅಲ್ಲಿಗೇ ಇಡಬೇಡಿ

ಶುರುವಿನಲ್ಲಿ ಬಹಳ ಮಕ್ಕಳು ಇಲ್ಲಿ ಸಿಕ್ಕಿಬೀಳುತ್ತಾರೆ. (1)ರಿಂದ ಕ = 90 − 3ದ ಎಂದು ಬರೆದು, ಮತ್ತೆ (1)ರಲ್ಲೇ ಇಡುತ್ತಾರೆ.

(90 − 3ದ) + 3ದ = 90
90 = 90

"ಮಿಸ್, ದ ಎಲ್ಲೋ ಹೋಯ್ತು!" ಹೋಗಲೇಬೇಕು. (1) ಹೇಳಿದ್ದನ್ನೇ (1)ಕ್ಕೆ ತಿರುಗಿ ಹೇಳಿದಿರಿ. ಹೊಸ ಸುದ್ದಿ ಇರುವುದು (2)ರಲ್ಲಿ. ಒಂದರಿಂದ ತೆಗೆದದ್ದನ್ನು ಯಾವಾಗಲೂ ಇನ್ನೊಂದರಲ್ಲಿ ಇಡಬೇಕು. ನಮ್ಮ ಮಕ್ಕಳಿಗೆ ನಾನು ಒಂದು ಅಭ್ಯಾಸ ಮಾಡಿಸಿದ್ದೇನೆ. ಒಂಟಿಯಾಗಿ ನಿಲ್ಲಿಸಲು ಬಳಸಿದ ಸಮೀಕರಣದ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಚುಕ್ಕಿ ಇಡುವುದು. ಚುಕ್ಕಿ ಇದ್ದದ್ದರಲ್ಲಿ ಇಡುವ ಹಾಗಿಲ್ಲ.

ಆವರಣ: ಅಂಕ ಕಳೆದುಕೊಳ್ಳುವ ಜಾಗ

ಮಕ್ಕಳ ನೋಟ್‌ಬುಕ್ಕಿನಲ್ಲಿ ನಾನು ಕಂಡ ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಆಗುತ್ತವೆ. ವಿಧಾನ ಚೆನ್ನಾಗಿ ಗೊತ್ತಿರುವವರೂ ಇಲ್ಲಿ ಎಡವುತ್ತಾರೆ. ಅದಕ್ಕೆ ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

2ಅ + ಬ = 5 … (1)
3ಅ − 2ಬ = 4 … (2)

(1)ರಲ್ಲಿ ಬ ಸಹಗುಣಕ 1. ಹಾಗಾಗಿ ಬ = 5 − 2ಅ. ಇದನ್ನು (2)ರಲ್ಲಿ ಇಡಬೇಕು. ಒಬ್ಬ ಹುಡುಗ ಹೀಗೆ ಬರೆದ:

3ಅ − 2 × 5 − 2ಅ = 4

ಅವನು ಆವರಣ ಹಾಕಲಿಲ್ಲ. ಹಾಗಾಗಿ −2 ಹೋಗಿ 5ನ್ನು ಮಾತ್ರ ಮುಟ್ಟಿತು. 2ಅ ಕಡೆ ತಿರುಗಿಯೂ ನೋಡಲಿಲ್ಲ. ಪಕ್ಕದಲ್ಲಿ ಕೂತವಳು ಆವರಣ ಹಾಕಿದಳು, ಆದರೆ ಬಿಚ್ಚುವಾಗ ಚಿಹ್ನೆ ತಪ್ಪಿದಳು:

3ಅ − 2(5 − 2ಅ) = 4
3ಅ − 10 − 4ಅ = 4
−ಅ = 14
ಅ = −14

ಆಮೇಲೆ ಬ = 5 − 2 × (−14) = 33. ಅವಳು ತಾಳೆಯೂ ನೋಡಿದ್ದಳು! (1)ರಲ್ಲಿ ಇಟ್ಟು: 2 × (−14) + 33 = −28 + 33 = 5. "ಸರಿ ಬಂತಲ್ಲ ಮಿಸ್, ಮತ್ಯಾಕೆ ತಪ್ಪು?"

ಇದು ನಿಜಕ್ಕೂ ಯೋಚಿಸಬೇಕಾದ ಮಾತು. ಬ ಬೆಲೆಯನ್ನು ಅವಳು ಕಂಡುಹಿಡಿದದ್ದೇ (1)ರಿಂದ. ಅ ಎಷ್ಟೇ ತಪ್ಪಿರಲಿ, (1) ಸರಿಹೊಂದುವ ಹಾಗೆಯೇ ಬ ಬರುತ್ತದೆ. ಹಾಗಾಗಿ ಚುಕ್ಕಿ ಇಟ್ಟ ಸಮೀಕರಣದಲ್ಲಿ ತಾಳೆ ನೋಡಿದರೆ ಒಳಗಿನ ತಪ್ಪು ಸಿಗುವುದಿಲ್ಲ. ಇನ್ನೊಂದರಲ್ಲಿ ನೋಡಬೇಕು. (2)ರಲ್ಲಿ ಇಟ್ಟರೆ 3 × (−14) − 2 × 33 = −42 − 66 = −108. ಬರಬೇಕಾದದ್ದು 4. ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ಸರಿಯಾದ ದಾರಿ:

3ಅ − 2(5 − 2ಅ) = 4
3ಅ − 10 + 4ಅ = 4

ಋಣ ಗುಣಿಸು ಋಣ ಧನ. −2, −2ಅ ಅನ್ನು ಮುಟ್ಟಿದಾಗ +4ಅ ಆಗುತ್ತದೆ.

7ಅ = 14
ಅ = 2
ಬ = 5 − 4 = 1

(2)ರಲ್ಲಿ ತಾಳೆ: 6 − 2 = 4. ಸರಿ.

ಆವರಣ ಬಿಚ್ಚುವ ಸಾಲಿನಲ್ಲಿ ಬೇರೇನೂ ಮಾಡಬೇಡಿ. ಕೂಡುವುದು, ಆಚೆ ಈಚೆ ಕಳಿಸುವುದು ಎಲ್ಲ ಮುಂದಿನ ಸಾಲಿಗೆ ಇರಲಿ. ಒಂದು ಸಾಲು ಉಳಿಸಲು ಹೋಗಿ ಇಡೀ ಲೆಕ್ಕ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ.

ಯಾವ ಅಕ್ಷರವನ್ನು ಒಂಟಿ ಮಾಡುವುದು

ಲೆಕ್ಕ ಸುಲಭವೋ ಕಷ್ಟವೋ ಎಂಬುದು ಅರ್ಧ ಇಲ್ಲೇ ತೀರ್ಮಾನವಾಗುತ್ತದೆ. ಪೆನ್ಸಿಲ್ ಇಡುವ ಮೊದಲು ನಾಲ್ಕೂ ಸಹಗುಣಕಗಳ ಮೇಲೆ ಕಣ್ಣಾಡಿಸಿ. ಎಲ್ಲಾದರೂ 1 ಇದ್ದರೆ ಅದನ್ನೇ ಹಿಡಿಯಿರಿ. −1 ಇದ್ದರೂ ನಡೆಯುತ್ತದೆ: 4ಅ − ಬ = 11 ಇದ್ದರೆ ಬ ಅನ್ನು ಬಲಕ್ಕೆ, 11 ಅನ್ನು ಎಡಕ್ಕೆ ಕಳಿಸಿ ಬ = 4ಅ − 11 ಎಂದು ಬರೆದುಕೊಳ್ಳಿ. 2ಅ + 4ಬ = 10 ಎಂಬಂಥದ್ದು ಸಿಕ್ಕರೆ ಮೊದಲು ಎಲ್ಲವನ್ನೂ 2ರಿಂದ ಭಾಗಿಸಿ. ಅ + 2ಬ = 5 ಆಗಿ, 1 ತಾನಾಗಿ ಸಿಗುತ್ತದೆ.

ಎಲ್ಲೂ 1 ಇಲ್ಲದಿದ್ದರೆ ಭಿನ್ನರಾಶಿ ಬರುತ್ತದೆ. ಹೆದರಬೇಕಾಗಿಲ್ಲ. ಅದಕ್ಕೊಂದು ಒಳ್ಳೆಯ ಲೆಕ್ಕ ನಮ್ಮ ನಾಡಿನಲ್ಲೇ ಇದೆ.

ಮಾದಲ, ಬೇಲ, ಮಹಾವೀರಾಚಾರ್ಯರು

9ನೇ ಶತಮಾನದ ಮಹಾವೀರಾಚಾರ್ಯರು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವರು. ಆಗಿನ ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವರು ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಹಣ್ಣಿನ ಲೆಕ್ಕವೊಂದು ಬರುತ್ತದೆ. 9 ಮಾದಲದ ಹಣ್ಣು (ನಿಂಬೆಯ ಜಾತಿಯ ದೊಡ್ಡ ಹಣ್ಣು), 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟು?

ರಾಮನವಮಿಗೆ ಪಾನಕ ಮಾಡುತ್ತಾರಲ್ಲ, ಅದೇ ಬೇಲದ ಹಣ್ಣು. ಸುಮಾರು 1,170 ವರ್ಷದ ಹಿಂದಿನ ಲೆಕ್ಕ ಇವತ್ತಿನ ಹತ್ತನೇ ತರಗತಿಯ ಮಗುವಿನ ಮುಂದೆ ಹಾಗೇ ಇಡಬಹುದು ಎಂಬುದು ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ.

ಒಂದು ಮಾದಲದ ಬೆಲೆ ಮ, ಒಂದು ಬೇಲದ ಬೆಲೆ ಬ ಆಗಿರಲಿ.

9ಮ + 7ಬ = 107 … (1)
7ಮ + 9ಬ = 101 … (2)

(1)ರಿಂದ:

9ಮ = 107 − 7ಬ
ಮ = (107 − 7ಬ) / 9 … (3)

(2)ರಲ್ಲಿ ಆದೇಶ:

7(107 − 7ಬ) / 9 + 9ಬ = 101

ಈಗ ಛೇದದ 9 ಕಿರಿಕಿರಿ ಮಾಡುತ್ತದೆ. ಎರಡೂ ಬದಿಯನ್ನು 9ರಿಂದ ಗುಣಿಸಿದರೆ ಅದು ಹೋಗುತ್ತದೆ. ಆದರೆ ಗುಣಿಸುವಾಗ ಎಲ್ಲ ಪದಗಳನ್ನೂ ಗುಣಿಸಬೇಕು. ಛೇದ ಇದ್ದ ಪದಕ್ಕೆ ಮಾತ್ರ ಗುಣಿಸಿ, 9ಬ ಮತ್ತು 101 ಅನ್ನು ಹಾಗೇ ಬಿಟ್ಟರೆ ತಕ್ಕಡಿಯ ಒಂದು ತಟ್ಟೆಗೆ ಮಾತ್ರ ತೂಕ ಹಾಕಿದ ಹಾಗೆ.

7(107 − 7ಬ) + 81ಬ = 909
749 − 49ಬ + 81ಬ = 909
32ಬ = 160
ಬ = 5

(3)ರಲ್ಲಿ ಇಡಿ: ಮ = (107 − 35) / 9 = 72 / 9 = 8. (2)ರಲ್ಲಿ ತಾಳೆ: 56 + 45 = 101. ಮಾದಲ 8, ಬೇಲ 5.

ಮಹಾವೀರಾಚಾರ್ಯರ ಸೂತ್ರ ಬೇರೆ ದಾರಿಯದು. ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದ, ಚಿಕ್ಕ ಮೊತ್ತವನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ ಕಳೆಯಿರಿ: 107 × 9 − 101 × 7 = 963 − 707 = 256. ಅದನ್ನು ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ, ಅಂದರೆ 81 − 49 = 32ರಿಂದ ಭಾಗಿಸಿ. 8 ಬಂತು, ದುಬಾರಿ ಹಣ್ಣಿನ ಬೆಲೆ. ಇದರ ಒಳಗೆ ನಡೆದಿರುವುದು ವರ್ಜಿಸುವ ವಿಧಾನ: ಒಂದು ಅಕ್ಷರವನ್ನು ಪೂರ್ತಿ ಅಳಿಸಿಹಾಕುವುದು. ವ್ಯಾಕರಣದ ಮಾತಿನಲ್ಲಿ ಹೇಳಿದರೆ ಅದು ಲೋಪ. ಊರು + ಅನ್ನು ಊರನ್ನು ಆದಾಗ 'ಉ' ಮಾಯವಾಗುತ್ತದಲ್ಲ, ಹಾಗೆ.

ಈ ಜೋಡಿಯಲ್ಲಿ 9, 7 ಅದಲು ಬದಲಾಗಿ ಬಂದಿರುವುದನ್ನು ಗಮನಿಸಿದವರಿಗೆ ಇನ್ನೂ ಹಗುರವಾದ ದಾರಿ ಇದೆ. ಎರಡನ್ನೂ ಕೂಡಿ: 16ಮ + 16ಬ = 208, ಅಂದರೆ ಮ + ಬ = 13. ಒಂದರಿಂದ ಇನ್ನೊಂದು ಕಳೆಯಿರಿ: 2ಮ − 2ಬ = 6, ಅಂದರೆ ಮ = ಬ + 3. ಈಗ ಆದೇಶ ಮಾಡಿ: (ಬ + 3) + ಬ = 13, ಬ = 5. ಭಿನ್ನರಾಶಿಯ ಸುಳಿವೇ ಇಲ್ಲ.

ಹಾಗಾದರೆ ಯಾವಾಗ ಯಾವುದು? ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಎಲ್ಲಾದರೂ ಸಹಗುಣಕ 1 ಕಂಡರೆ ಆದೇಶ ವಿಧಾನ. ನಾಲ್ಕೂ ದೊಡ್ಡ ಸಂಖ್ಯೆಗಳಾದರೆ ವರ್ಜಿಸುವ ವಿಧಾನ. ಪರೀಕ್ಷೆಯಲ್ಲಿ 'ಆದೇಶ ವಿಧಾನದಿಂದ ಬಿಡಿಸಿ' ಎಂದು ಕೇಳಿದ್ದರೆ ಮಾತ್ರ ಬೇರೆ ದಾರಿ ಹಿಡಿಯಬೇಡಿ. ಸುಮ್ನೆ 'ಬಿಡಿಸಿ' ಎಂದಿದ್ದರೆ ಆಯ್ಕೆ ನಿಮ್ಮದು.

ಅಕ್ಷರವೇ ಮಾಯವಾದರೆ

ಹೋಟೆಲಿನಲ್ಲಿ 2 ಇಡ್ಲಿ, 1 ವಡೆಗೆ 50 ರೂಪಾಯಿ ಬಿಲ್. ಪಕ್ಕದ ಟೇಬಲ್ಲಿಗೆ 4 ಇಡ್ಲಿ, 2 ವಡೆ, 100 ರೂಪಾಯಿ.

2ಇ + ವ = 50
4ಇ + 2ವ = 100

ವ = 50 − 2ಇ ಎಂದು ಎರಡನೆಯದರಲ್ಲಿ ಇಟ್ಟರೆ 4ಇ + 100 − 4ಇ = 100. ಇ ಎರಡೂ ಹೊಡೆದುಹೋಗಿ 100 = 100 ಉಳಿಯುತ್ತದೆ. ಮಾತು ನಿಜ, ಆದರೆ ಇಡ್ಲಿಯ ಬೆಲೆ ಹೇಳುವುದಿಲ್ಲ. ಎರಡನೇ ಬಿಲ್ ಮೊದಲನೆಯದರ ದುಪ್ಪಟ್ಟು, ಅಷ್ಟೇ. ಹೊಸ ಸುಳಿವು ಇಲ್ಲ. ಇಂಥ ಜೋಡಿಗೆ ಲೆಕ್ಕವಿಲ್ಲದಷ್ಟು ಪರಿಹಾರ. ನಕ್ಷೆ ಎಳೆದರೆ ಎರಡೂ ಗೆರೆ ಒಂದರ ಮೇಲೊಂದು ಕೂರುತ್ತವೆ.

ಪಕ್ಕದ ಟೇಬಲ್ಲಿನ ಬಿಲ್ 110 ಆಗಿದ್ದರೆ ಕೊನೆಗೆ 100 = 110 ಬರುತ್ತದೆ. ಇದು ಸುಳ್ಳು. ಅಂದರೆ ಎರಡೂ ಸುಳಿವನ್ನು ಒಟ್ಟಿಗೆ ನಿಜ ಮಾಡುವ ಬೆಲೆಗಳು ಇಲ್ಲವೇ ಇಲ್ಲ. ನಕ್ಷೆಯಲ್ಲಿ ಎರಡು ಸಮಾಂತರ ಗೆರೆಗಳು, ಎಲ್ಲೂ ಸೇರುವುದಿಲ್ಲ. ಹೋಟೆಲಿನಲ್ಲಾದರೆ ಒಂದು ಬಿಲ್ ಕೂಡುವಾಗ ತಪ್ಪಿದೆ ಎಂದರ್ಥ.

ಪರೀಕ್ಷೆಯಲ್ಲಿ ಹೀಗೆ ಆದಾಗ ಗಾಬರಿಯಾಗಿ ಎಲ್ಲ ಹೊಡೆದುಹಾಕಬೇಡಿ. ಚುಕ್ಕಿ ಇಟ್ಟ ಸಮೀಕರಣದಲ್ಲೇ ವಾಪಸ್ ಇಟ್ಟಿಲ್ಲ ತಾನೇ ಎಂದು ಮೊದಲು ನೋಡಿ. ಅದಲ್ಲದಿದ್ದರೆ, ಸಾಲು ಸಾಲಾಗಿ ಲೆಕ್ಕ ಸರಿ ಇದ್ದರೆ, ಅದೇ ಉತ್ತರ. 'ಅಪರಿಮಿತ ಪರಿಹಾರಗಳಿವೆ' ಅಥವಾ 'ಪರಿಹಾರವಿಲ್ಲ' ಎಂದು ಬರೆಯಿರಿ.

ವಯಸ್ಸಿನ ಲೆಕ್ಕ

ಮಕ್ಕಳು ಹೆದರುವುದು ಸಮೀಕರಣಕ್ಕಲ್ಲ, ವಾಕ್ಯಕ್ಕೆ. ಒಂದು ನೋಡಿ: 5 ವರ್ಷದ ಹಿಂದೆ ತಾಯಿಯ ವಯಸ್ಸು ಮಗಳ ವಯಸ್ಸಿನ ಐದರಷ್ಟು ಇತ್ತು. ಇನ್ನು 16 ವರ್ಷ ಕಳೆದರೆ ಎರಡರಷ್ಟು ಆಗುತ್ತದೆ. ಈಗ ಇಬ್ಬರ ವಯಸ್ಸು ಎಷ್ಟು?

ಈಗಿನ ವಯಸ್ಸಿಗೇ ಹೆಸರಿಡಿ: ತಾಯಿ ತ, ಮಗಳು ಮ. ಆಮೇಲೆ ಒಂದು ಚಿಕ್ಕ ಪಟ್ಟಿ ಮಾಡಿಕೊಳ್ಳಿ. 5 ವರ್ಷದ ಹಿಂದೆ: ತ − 5, ಮ − 5. 16 ವರ್ಷದ ಮೇಲೆ: ತ + 16, ಮ + 16. ತಾಯಿಯ ವಯಸ್ಸಿನಲ್ಲಿ 5 ಕಳೆದು ಮಗಳದ್ದನ್ನು ಮರೆಯುವವರು ಬಹಳ. ವರ್ಷ ಇಬ್ಬರಿಗೂ ಒಟ್ಟಿಗೇ ಕಳೆಯುತ್ತದೆ.

ತ − 5 = 5(ಮ − 5) … (1)
ತ + 16 = 2(ಮ + 16) … (2)

(1)ನ್ನು ಬಿಚ್ಚಿದರೆ ತ = 5ಮ − 20. ಇದನ್ನು (2)ರಲ್ಲಿ ಇಡಿ:

(5ಮ − 20) + 16 = 2ಮ + 32
3ಮ = 36
ಮ = 12, ತ = 40

ವಾಕ್ಯದ ಲೆಕ್ಕದಲ್ಲಿ ತಾಳೆಯನ್ನು ಸಮೀಕರಣದಲ್ಲಿ ನೋಡಿದರೆ ಸಾಲದು, ವಾಕ್ಯದಲ್ಲೇ ನೋಡಬೇಕು. ಯಾಕೆಂದರೆ ಸಮೀಕರಣವನ್ನೇ ತಪ್ಪು ಬರೆದಿದ್ದರೆ? 5 ವರ್ಷದ ಹಿಂದೆ 35 ಮತ್ತು 7, ಐದರಷ್ಟು. 16 ವರ್ಷದ ಮೇಲೆ 56 ಮತ್ತು 28, ಎರಡರಷ್ಟು. ಸರಿಯಾಗಿದೆ.

ಮೂರು ಅಕ್ಷರ, ಮೂರು ಸಮೀಕರಣ ಬಂದರೂ ಹೊಸ ವಿದ್ಯೆ ಬೇಡ. ಒಂದು ಅಕ್ಷರವನ್ನು ಒಂಟಿ ಮಾಡಿ ಉಳಿದ ಎರಡೂ ಸಮೀಕರಣಗಳಲ್ಲಿ ಇಡಿ. ಎರಡು ಅಕ್ಷರದ ಜೋಡಿ ಸಿಗುತ್ತದೆ. ಅಲ್ಲಿಂದ ಮುಂದೆ ನಿಮಗೆ ಗೊತ್ತು.

ಕೈಗೆ ಅಭ್ಯಾಸವಾಗಲು ನಾಲ್ಕು ಲೆಕ್ಕ ಕೊಡುತ್ತೇನೆ. ಉತ್ತರ ಕೆಳಗಿದೆ, ಮೊದಲು ನೋಡಬೇಡಿ.

1. ಅ − 2ಬ = 1, 3ಅ + ಬ = 17.

2. 4ಅ − ಬ = 11, 2ಅ − 3ಬ = 3. ಇದರಲ್ಲಿ ಆವರಣ ಹುಷಾರು.

3. ಹುಂಡಿಯಲ್ಲಿ 5 ರೂಪಾಯಿ, 10 ರೂಪಾಯಿ ನಾಣ್ಯಗಳು ಸೇರಿ 20 ಇವೆ. ಒಟ್ಟು 140 ರೂಪಾಯಿ. ಯಾವುದು ಎಷ್ಟು?

4. ಹಳೆಯ ದರದಲ್ಲಿ ಬೆಂಗಳೂರಿನ ಆಟೋ ಮೀಟರ್ 6 ಕಿ.ಮೀ.ಗೆ 90, 9 ಕಿ.ಮೀ.ಗೆ 135 ತೋರಿಸುತ್ತಿತ್ತು. ಕನಿಷ್ಠ ದರ ಆಗಲೂ ಮೊದಲ 2 ಕಿ.ಮೀ.ಗೇ. ಎರಡೂ ದರ ಎಷ್ಟು?

ಉತ್ತರಗಳು: ಮೊದಲನೆಯದು ಅ = 5, ಬ = 2. ಎರಡನೆಯದು ಅ = 3, ಬ = 1. ಹುಂಡಿಯಲ್ಲಿ 5 ರೂಪಾಯಿಯ ನಾಣ್ಯ 12, 10 ರೂಪಾಯಿಯದು 8. ಆಟೋಗೆ ಕ + 4ದ = 90, ಕ + 7ದ = 135 ಎಂದು ಬರೆದಿದ್ದರೆ ದ = 15, ಕ = 30 ಬಂದಿರುತ್ತದೆ. 2021ರ ಡಿಸೆಂಬರ್‌ನಿಂದ 2025ರ ಜುಲೈವರೆಗೆ ಇದ್ದ ದರ ಅದೇ. 6ದ, 9ದ ಎಂದು ಬರೆದಿದ್ದರೆ ಕ = 0 ಬಂದಿರುತ್ತದೆ. ಹಾಗೆ ಬಂದವರು ಎರಡನೇ ಹೆಜ್ಜೆಯನ್ನು ಇನ್ನೊಮ್ಮೆ ಓದಿ, ಮತ್ತೆ ಬಿಡಿಸಿ.